ಕಬೀಕಜ್ ದಾದಾ ಯಾರು?

“ಆಪಾ, ದಾದಿಮಾನ ಮುಂದ ಇದನ್ನ ಹೇಳಬ್ಯಾಡ್ರಿ!” ನಾಹಿದ ಪಿಸುಗುಟ್ಟಿದಳು.

ದಾದಿಮಾ ಲತೀಫಾ ಒಳಗೆ ಚಹಾ ಮಾಡುತ್ತಿದ್ದರು. ಕಲಬುರಗಿಯಿಂದ ಬಂದ ಮೆಹತಾಬ್ ಆಪಾ ಶಹಾಬಾದಿನ ಆ ಪುಟ್ಟ ಮನೆಯ ಚಾಪೆಯ ಮೇಲೆ ಹಳೇ ಫಾರಸಿ ಪುಸ್ತಕ ಬಿಡಿಸಿಕೊಂಡು ಕುಳಿತಿದ್ದರು. ಅಚ್ಚಿನದಲ್ಲ, ಯಾರೋ ಕೈಯಲ್ಲಿ ಚೆಂದವಾಗಿ ಬರೆದದ್ದು. ಇಂಥ ಪುಸ್ತಕ ಯಾರು ಬರೆದರು, ಯಾರ ಯಾರ ಕೈ ದಾಟಿ ಬಂತು ಅಂತ ಹುಡುಕುವುದೇ ಆಪಾನ ಕೆಲಸ.

ಇದನ್ನು ಬರೆದವರು ನಮ್ಮ ಹಿರಿಯ ಕಬೀಕಜ್ ದಾದಾ ಅಂತ ದಾದಿಮಾ ಹೇಳುತ್ತಲೇ ಬಂದಿದ್ದರು. ಮೊದಲ ಪುಟದಲ್ಲಿ ದೊಡ್ಡದಾಗಿ ಆ ಹೆಸರೇ ಇತ್ತು. ದಾದಿಮಾಗೆ ಉರ್ದು ಓದಲು ಬರುವುದರಿಂದ ಆ ಅಕ್ಷರ ಗೊತ್ತು, ಫಾರಸಿ ಭಾಷೆ ಗೊತ್ತಿಲ್ಲ. ನಾಹಿದ ಕ್ಲಾಸಿನಲ್ಲಿ ಜಂಬ ಕೊಚ್ಚಿದ್ದೂ ಆಗಿತ್ತು. “ನಾಳಿ ಬುಕ್ಕಿನ ಫೋಟೋ ತಗೊಂಡು ಬಾ, ಎಲ್ಲಾರಿಗೂ ಹೇಳು” ಅಂದಿದ್ದರು ಕರುಣಾ ಮಿಸ್.

ಈಗ ನೋಡಿದರೆ!

“ಕಬೀಕಜ್ ಮನುಷ್ಯಾನೇ ಅಲ್ಲ ಬೇಟಾ” ಎಂದಿದ್ದರು ಆಪಾ. “ಅಂವ ಹುಳಗಳ ರಾಜ ಅಂತ ಹಿಂದಿನವ್ರು ನಂಬತಿದ್ರು. ಅವನ ಹೆಸರು ಬರದಿಟ್ರ ಹುಳ ಹೆದರಿ ಪುಸ್ತಕ ತಿನ್ನಂಗಿಲ್ಲ ಅಂತ. ಭಾಳ ಪುಸ್ತಕದಾಗ ಹಿಂಗ ಬರದಾರ.”

ಕ್ಲಾಸಿನ ಬೀರೇಶನಿಗೆ ಗೊತ್ತಾದರೆ ‘ಜಿರಳಿ ಮೊಮ್ಮಗಳು’ ಅಂತ ವರ್ಷವಿಡೀ ಕಾಡುತ್ತಾನೆ! ಅದು ಹಾಳಾಗಿ ಹೋಗಲಿ. ಇವತ್ತು ಗುರುವಾರ. ಪ್ರತಿ ಗುರುವಾರ ಸಂಜೆ ದಾದಿಮಾ ಕೆಂಡಕ್ಕೆ ಲೋಬಾನದ ಧೂಪ ಹಾಕಿ, ಸಿಹಿ ಮಲೀದಾ ಇಟ್ಟು, ತೀರಿಹೋದ ಹಿರಿಯರಿಗಾಗಿ ಫಾತಿಹಾ ಓದುತ್ತಾರೆ. ಅದರಲ್ಲಿ ಮೊದಲ ಹೆಸರೇ ಕಬೀಕಜ್ ದಾದಾನದು. ಪಾಪ, ಅವರಿಗೆ ಹೇಗೆ ಹೇಳುವುದು? ನಾಹಿದಳಿಗೆ ಅಳುವೇ ಬಂತು.

“ಮತ್ತ ಬರದವ್ರು ಯಾರ್ರಿ ಆಪಾ?”

ಆಪಾ ಕೊನೆಯ ಪುಟ ತೆರೆದರು. “ಬಂದೇಅಲಿ ಅಂತ. ಚಿತ್ತಾಪುರದಾಗ ಕುಂತು ಬರದಾನ. ನೋಡಿಲ್ಲೆ, ‘ನಾ ಹೋದಮ್ಯಾಲೂ ಈ ಅಕ್ಷರ ಇರ್ತಾವ, ಓದಿದವ್ರು ನನಗೊಂದು ದುವಾ ಮಾಡ್ರಿ’ ಅಂತ ಕೇಳ್ಯಾನ.”

ಪಕ್ಕದಲ್ಲಿ ಎರಡು ಮುದ್ರೆಗಳಿದ್ದವು. ಒಂದು ಸೇಡಂನ ಯಾರದೋ, ಅದನ್ನು ಅರ್ಧಂಬರ್ಧ ಉಜ್ಜಿ ಅಳಿಸಿದ್ದರು. “ಹೊಸ ಮಾಲಕರು ಹಳೇ ಮುದ್ರಿ ಹಿಂಗ ಅಳಸ್ತಿದ್ರು. ಇನ್ನೊಂದು ನಿಮ್ಮ ಹಿರೇರದು. ಅವರು ಪುಸ್ತಕ ಕೊಂಡವ್ರು, ಬರದವ್ರಲ್ಲ.”

ದಾದಿಮಾ ಚಹಾ ತಂದರು. “ನಮ್ಮ ಕಬೀಕಜ್ ದಾದಾನ ಸುದ್ದಿ ಸಿಕ್ತೇನು ಬೇಟಿ?”

ಆಪಾ ನಾಹಿದಳ ಕಡೆ ನೋಡಿದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ದುವಾ ಬೇಡಿದವನೊಬ್ಬ ಆ ಪುಟದಲ್ಲಿದ್ದನಲ್ಲ! ನಾಹಿದ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ದಾದಿಮಾ ದೊಪ್ಪನೆ ಕುಳಿತರು. “ಯಾ ಅಲ್ಲಾ! ಮದಿವ್ಯಾಗಿ ಬಂದಾಗಿಂದ ಹುಳದ ರಾಜಗ ಫಾತಿಹಾ ಓದೀನೇನು?” ಅವರ ಮುಖ ಸಣ್ಣದಾಯಿತು. “ನಮ್ಮತ್ತಿ ಹೇಳಿದ್ಲು, ನಾ ನಂಬಿದ್ದೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಚಹಾ ಆರಿಹೋಯಿತು.

ಸಂಜೆ ಲೋಬಾನ ಹಾಕಿ ಕುಳಿತ ದಾದಿಮಾ ಹೆಸರು ಹೇಳುವ ಹೊತ್ತಿಗೆ ತಡೆದರು. “ಬರದವನ ಹೆಸರು ಏನಂದಿ?”

“ಬಂದೇಅಲಿ. ಆದ್ರ ದಾದಿಮಾ, ಅಂವ ನಮ್ಮ ಖಾಂದಾನದವ ಅಲ್ಲ.”

“ಅಲ್ಲದಿದ್ರೇನು? ಬಾಯಿಬಿಟ್ಟು ಕೇಳ್ಯಾನಲ್ಲ.”

ನಾಹಿದ ಕೂಡ ದುವಾಕ್ಕೆ ಕೈಯೆತ್ತಿದಳು. ನಾಳೆ ಬೀರೇಶ ಬಿದ್ದು ಬಿದ್ದು ನಗುತ್ತಾನೆ, ನಗಲಿ. ಅವನು ನಕ್ಕು ಮುಗಿಸಿದ ಮೇಲೆ ಬಂದೇಅಲಿಯ ಹೆಸರನ್ನು ಇಡೀ ಕ್ಲಾಸಿಗೆ ಕೇಳುವಂತೆ ಹೇಳಬೇಕು.