ಇನ್ನೊಂದು ಮಡಿಕೆ

“ಇದು ಮುದುಕಿ ಆಗ್ಯಾದ್ರಿ, ಶಾಂತಲಿಂಗಪ್ಪನೋರ. ತೆಗದ್ ಒಗೀರಿ!”

ಕಲಬುರ್ಗಿಯಿಂದ ಬಂದ ಕಂಪ್ಯೂಟರ್ ವ್ಯಾಪಾರಿ ನಾಗಣ್ಣ ಮಾನಿಟರಿನ ತಲೆ ತಟ್ಟಿದ. ಶಿವಕಾಂತಾಗೆ ಮೈ ಉರಿಯಿತು. ಮೂರು ವರ್ಷದ ಹಿಂದೆ ಇದನ್ನೇ ಮಾರುವಾಗ ಈ ಮಹಾನುಭಾವ, “ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದ” ಎಂದು ಬೊಗಳೆ ಬಿಟ್ಟಿದ್ದ. ಮೊಮ್ಮಕ್ಕಳಿರಲಿ, ಮಗಳು ತಾನೇ ಇನ್ನೂ ಐದನೆಯ ಕ್ಲಾಸು!

ಅವಳ ಅಪ್ಪ ಶಾಂತಲಿಂಗಪ್ಪನದು ಆಳಂದದ ಬಸ್‌ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಎಲ್ಲ ಅಲ್ಲೇ ತಯಾರು. ಹೊಸ ಕನ್ನಡ ಸಾಫ್ಟ್‌ವೇರ್ ಹಾಕಿದಾಗಿನಿಂದ ಕಂಪ್ಯೂಟರ್ ‘ಶ್ರೀ’ ಎಂದು ಬರೆಯುವಷ್ಟರಲ್ಲಿ ಸುಸ್ತಾಗಿ ನಿಂತುಬಿಡುತ್ತಿತ್ತು.

“ಸಾಫ್ಟ್‌ವೇರ್ ವರ್ಷಾ ವರ್ಷಾ ಬೆಳೀತದ್ರಿ. ಕಂಪ್ಯೂಟರ್ ಬದಲಿ ಮಾಡ್ಲೇಬೇಕು,” ಎಂದ ನಾಗಣ್ಣ, ಅಪ್ಪ ತರಿಸಿದ ಚಹಾ ಸೊರ್ ಎನ್ನಿಸುತ್ತ.

ಅಪ್ಪ ತಲೆ ಕೆರೆದುಕೊಂಡ. “ಹಂಗಾದ್ರ ಶಿವಕಾಂತಾ, ಈ ವರ್ಷ ನಿನಗ ಹೊಸ ಸ್ಕರ್ಟ್ ಬ್ಯಾಡವ್ವ.”

ಶಿವಕಾಂತಾ ಹಾಕಿಕೊಳ್ಳುತ್ತಿದ್ದ ಸ್ಕೂಲಿನ ಹಳೆ ಸ್ಕರ್ಟನ್ನು ಅವ್ವ ಉದ್ದವಾಗಿ ಹೊಲಿದು, ಅಂಚನ್ನು ಒಳಗೆ ಮಡಚಿದ್ದಳು. ಮಗಳು ಬೆಳೆದ ಹಾಗೆ ಒಂದೊಂದು ಮಡಿಕೆ ಬಿಚ್ಚುತ್ತಿದ್ದಳು. ಮೇಲೆ ಮಾಸಿದ ನೀಲಿ, ಕೆಳಗೆ ಗಾಢ ನೀಲಿ ಪಟ್ಟಿ. “ಝೀಬ್ರಾ ಬಂತು!” ಎಂದು ಜೊತೆಗೆ ಓದುವ ಖುರ್ಷಿದ ಕ್ಲಾಸನ್ನೆಲ್ಲ ನಗಿಸುತ್ತಿದ್ದಳು.

“ಕಾಕಾ, ಇದರಾಗ ಮಡಚಿಟ್ಟಿದ್ದು ಏನೂ ಇಲ್ಲೇನ್ರಿ?” ಶಿವಕಾಂತಾ ಕಂಪ್ಯೂಟರಿನ ಕಡೆ ಬೆರಳು ಮಾಡಿ ನಾಗಣ್ಣನನ್ನು ಕೇಳಿದಳು.

“ಏನು ಮಡಚಿಟ್ಟಿದ್ದು?”

“ನನ್ನ ಸ್ಕರ್ಟಿನಂಗ! ಅಪ್ಪ ಡಬ್ಬಿ ಬಿಚ್ಚಿ ಧೂಳ ಒರಸೋವಾಗ ನೋಡೀನಿ. ಒಳಗ ಖಾಲಿ ಜಾಗ ಅದ. ಅದು ಯಾತಕ್ರಿ? ಎಲಿ-ಅಡಕಿ ಇಡಾಕೇನು?”

ನಾಗಣ್ಣನ ಮುಖ ಹುಳ್ಳಗಾಯಿತು. “ಅದು... ಮೆಮೊರಿ ಹೆಚ್ಚ ಮಾಡಾಕ. ಅಲ್ಲಿ ಇನ್ನೊಂದು ಚಿಪ್ ಕೂಡಿಸಬಹುದು...”

“ಇಷ್ಟೊತ್ತನಾ ಬಾಯಾಗ ಏನ್ ಇಟ್ಕೊಂಡಿದ್ರಿ, ಅಡಕೀನ?” ಎಂದ ಅಪ್ಪ.

ಮರುವಾರ ನಾಗಣ್ಣ ಮೆಮೊರಿ ತಂದು ಕೂಡಿಸಿದ. ‘ಶ್ರೀ’ ಟಪ್ಪನೆ ಬಂತು. ಶಿವಕಾಂತಾ ಬೀಗುತ್ತ ಮನೆಗೆ ಓಡಿದಳು.

“ಯವ್ವಾ, ಹೊಸ ಕಂಪ್ಯೂಟರ್ ಬ್ಯಾಡಂತ! ಖಾಲಿ ಜಾಗ ನಾನೇ ತೋರಿಸಿದೆ. ಇನ್ನ ಹೊಸ ಸ್ಕರ್ಟ್ ತರೂಣು!”

ಅವ್ವ ಎಲ್ಲ ಕೇಳಿದಳು. ಸ್ಕರ್ಟಿನ ಅಂಚನ್ನು ತಿರುವಿ ಹಿಡಿದಳು. “ಇದರಾಗೂ ಇನ್ನೊಂದು ಮಡಿಕಿ ಅದಲ್ಲವ್ವ?”

‘ಇದು ಮುದುಕಿ ಆಗ್ಯಾದ’ ಎಂಬ ಮಾತು ಶಿವಕಾಂತಾಳ ನಾಲಿಗೆ ತುದಿಗೇ ಬಂತು. ಅದು ನಾಗಣ್ಣನ ಮಾತು. ನುಂಗಿಕೊಂಡಳು.

ಕತ್ತರಿ ತಂದು ತಾನೇ ದಾರ ಬಿಚ್ಚಿದಳು. ಒಳಗಿನ ಬಟ್ಟೆ ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು. ಅದರಾಚೆ ಮಡಿಕೆ ಇರಲಿಲ್ಲ.

“ಯವ್ವಾ, ಇದೇ ಕಡೀದು.”

“ಹೌದವ್ವ, ಮುಂದಿನ ಸಲ ಹೊಸಾದೇ,” ಎಂದಳು ಅವ್ವ.