ದಪ್ಪಗೆ ಬಿದ್ದ ಹದಿನೇಳು ಅಕ್ಷರಗಳು

ಲಿಪೊವ್ಕಾ ಊರಿನ ಗ್ರಂಥಾಲಯದಲ್ಲಿದ್ದ ಗಾಜಿನ ಪೆಟ್ಟಿಗೆ ಬರಿದಾಗಿರುವುದನ್ನು ಮೊದಲು ಕಂಡವಳು ಗ್ರಂಥಪಾಲಕಿ ಲುದ್ಮಿಲಾ ವ್ರಾನೋವಾ. ಇನ್ನೂರು ವರ್ಷಗಳ ಹಿಂದೆ ಶಾಲಾಮಾಸ್ತರನೊಬ್ಬ ಮೊರಾವಿಯಾದ ಹಳ್ಳಿಹಳ್ಳಿ ತಿರುಗಿ ಕೈಯಾರೆ ಬರೆದಿಟ್ಟ ಹಾಡುಗಳ ಪುಸ್ತಕ ಆ ಪೆಟ್ಟಿಗೆಯಲ್ಲಿತ್ತು. ಈ ಸಂಗತಿ ನಡೆದದ್ದು ಮಂಗಳವಾರವೆಂದು ಕೆಲವರು ಹೇಳುವುದುಂಟು, ಸೋಮವಾರವೆಂಬುದೇ ಸರಿ. ಏಕೆಂದರೆ ಸೋಮವಾರ ಗ್ರಂಥಾಲಯಕ್ಕೆ ರಜೆ, ಅವಳು ಒಬ್ಬಳೇ ಧೂಳು ಒರೆಸಲು ಹೋಗಿದ್ದಳು.

ಅವಳು ಮೇಯರ್ ಕ್ರೌಪಾಗೆ ಫೋನ್ ಮಾಡಿದಳು. ಆತ ಬಂದವನು ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಕೋಟಿನ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವಳ ಮುಂದೆ ಹಿಡಿದನು. ಅಂದು ಬೆಳಿಗ್ಗೆ ಪುರಸಭೆಯ ಅಂಚೆಪೆಟ್ಟಿಗೆಯಲ್ಲಿ ಸಿಕ್ಕ ಕಾಗದವದು. ಸಹಿಯಿಲ್ಲ, ಕಂಪ್ಯೂಟರಿನಲ್ಲಿ ಬರೆದು ಮುದ್ರಿಸಿದ್ದು. ಗ್ರಂಥಪಾಲಕಿಯು ಹಾಡಿನ ಪುಸ್ತಕವನ್ನು ಬ್ರ್ನೊ ನಗರದ ವ್ಯಾಪಾರಿಗೆ ಮಾರಲು ಕದ್ದಿದ್ದಾಳೆ, ಅವಳ ನೆಲಮಾಳಿಗೆಯ ಆಲೂಗಡ್ಡೆ ಚೀಲದಲ್ಲಿ ಹುಡುಕಿರಿ ಎಂದು ಅದರಲ್ಲಿತ್ತು. ಇಬ್ಬರೂ ಹೋಗಿ ಹುಡುಕಿದರು. ಹಳೆಯ ಏಪ್ರನ್ನಿನಲ್ಲಿ ಸುತ್ತಿದ ಪುಸ್ತಕ ಆ ಚೀಲದಲ್ಲೇ ಇತ್ತು.

ಶುಕ್ರವಾರ ಸಂಜೆ ಪುರಸಭೆ ಸೇರಲಿದೆ, ಅಷ್ಟರೊಳಗೆ ಬೇರೆ ವಿವರಣೆ ದೊರೆಯದಿದ್ದರೆ ಪೊಲೀಸರಿಗೆ ತಿಳಿಸದೆ ಬೇರೆ ದಾರಿಯಿಲ್ಲ ಎಂದು ಕ್ರೌಪಾ ನೆಲ ನೋಡುತ್ತ ಹೇಳಿದನು. ಮೂವತ್ತೊಂದು ವರ್ಷ ಗ್ರಂಥಾಲಯದ ಮೇಜಿನ ಹಿಂದೆ ಕುಳಿತವಳಿಗೆ ಕೆಲಸವನ್ನೂ ಹೆಸರನ್ನೂ ಉಳಿಸಿಕೊಳ್ಳುವುದಕ್ಕೆ ಇನ್ನು ನಾಲ್ಕು ದಿನ.

ಲುದ್ಮಿಲಾ ಇದ್ದ ಮನೆಯ ಕೆಳಮಹಡಿಯಲ್ಲೇ ಹೆಡ್ವಿಕಾ ಪೊಸ್ಪಿಶಿಲೊವಾ ವಾಸವಾಗಿದ್ದಳು. ವೃತ್ತಿಶಾಲೆಯಲ್ಲಿ ಮೂವತ್ತೆಂಟು ವರ್ಷ ಬೆರಳಚ್ಚು ಕಲಿಸಿದ ಆಕೆಯ ಅಡಿಕೋಲಿನ ರುಚಿ ನೋಡದ ಬೆರಳು ಊರಿನಲ್ಲಿ ಅಪರೂಪ. ನಿವೃತ್ತಿಯ ಬಳಿಕ ಜೇನುಗೂಡುಗಳಿಗೆ ವಿಷವಿಟ್ಟವನನ್ನೂ, ಅಗ್ನಿಶಾಮಕ ದಳದ ಪಂಪು ಮಾಯವಾದ ಬಗೆಯನ್ನೂ ಕಂಡುಹಿಡಿದದ್ದು ಆಕೆಯೇ. ಅಂಥ ಹೊತ್ತಿನಲ್ಲೆಲ್ಲ ಆಕೆಯ ಕೈಚೀಲ ಹಿಡಿದು ಜೊತೆಗೆ ನಡೆದವಳು ಲುದ್ಮಿಲಾ, ಊರಿನವರ ಬಾಯಲ್ಲಿ ಲೀಡಾ.

"ಟೀಚರ್, ಈ ಸಲ ಚೀಲ ಹಿಡಿಯೋಕೆ ಬಂದಿಲ್ಲ" ಎಂದಳು ಲುದ್ಮಿಲಾ ಬಾಗಿಲಲ್ಲಿ ನಿಂತು.

"ಗೊತ್ತು. ಬೀದಿಗೆಲ್ಲಾ ಗೊತ್ತಾಗಿದೆ. ಲೀಡಾ, ಒಂದೇ ಸಲ ಕೇಳ್ತೀನಿ. ನೀನು ತಗೊಂಡ್ಯಾ?"

"ಇಲ್ಲ."

"ಸರಿ, ಆ ಮಾತು ಮುಗೀತು. ಚೀಲ ಹಿಡಿ."

ಪುರಸಭೆಯಲ್ಲಿ ಹೆಡ್ವಿಕಾ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಿಂದ ಸಾಲುಸಾಲಾಗಿ ನೋಡಿದಳು. ಬಹಳ ಹೊತ್ತು ತುಟಿಯಲ್ಲೇ ಏನನ್ನೋ ಎಣಿಸಿದಳು. ಬಳಿಕ ಭೂತಗನ್ನಡಿಯನ್ನು ಮೇಯರನ ಕೈಗಿತ್ತು, ಕೊಕ್ಕೆ ರ ಎಂಬ ಅಕ್ಷರವನ್ನಷ್ಟೇ ನೋಡಲು ಹೇಳಿದಳು. ತಲೆಯ ಮೇಲೆ ಪುಟ್ಟ ಕೊಕ್ಕೆಯುಳ್ಳ ಆ ಅಕ್ಷರವಿಲ್ಲದೆ ಅವರ ಭಾಷೆಯಲ್ಲಿ ನಾಲ್ಕು ಸಾಲು ಬರೆಯುವುದು ಆಗದ ಮಾತು. ಕಾಗದದಲ್ಲಿ ಉಳಿದೆಲ್ಲ ಅಕ್ಷರಗಳೂ ಸಪೂರವಾಗಿ, ಸರಳವಾಗಿ ಇದ್ದವು. ಕೊಕ್ಕೆ ರ ಮಾತ್ರ ಹದಿನೇಳು ಕಡೆಯೂ ಒಂದು ಕೂದಲೆಳೆ ದಪ್ಪ. ಬುಡದಲ್ಲಿ ಪುಟ್ಟ ಪಾದ ಬೇರೆ.

"ಇದನ್ನ ಬರೆದವರ ಕೀಬೋರ್ಡಲ್ಲಿ ಆ ಅಕ್ಷರ ಇರಲಿಲ್ಲ" ಎಂದಳು ಹೆಡ್ವಿಕಾ. "ಬೇರೆ ಎಲ್ಲಿಂದಲೋ ಕಾಪಿ ಮಾಡಿ ತಂದು ಹದಿನೇಳು ಸಲ ಅಂಟಿಸಿದಾರೆ. ಪಾಪ, ಹಳೇ ಮನೆ ಬಟ್ಟೆಯಲ್ಲೇ ಬಂದು ಕೂತಿದೆ."

ಲುದ್ಮಿಲಾಳ ಮುಖ ಬಿಳಿಚಿತು. ಆ ನಾಡಿನ ಕೀಬೋರ್ಡಿನಲ್ಲಿ ಅಂಕಿಗಳ ಸಾಲಿನಲ್ಲೇ ಕೊಕ್ಕೆ ಅಕ್ಷರಗಳಿಗೂ ಜಾಗ. ಐದರ ಕೀ ಒತ್ತಿದರೆ ಕೊಕ್ಕೆ ರ. ಹಿಂದಿನ ಮಂಗಳವಾರ ಮಕ್ಕಳ ಕೂಟದಲ್ಲಿ ಗ್ರಂಥಾಲಯದ ಕೀಬೋರ್ಡಿನ ಮೇಲೆ ಹೂವಿನ ಷರಬತ್ತು ಚೆಲ್ಲಿ, ಆ ಒಂದು ಕೀ ಮಾತ್ರ ಸತ್ತುಹೋಗಿತ್ತು. ಹೊಸದಕ್ಕಾಗಿ ಬರೆದ ಅರ್ಜಿಗೆ ಪುರಸಭೆಯ ಗುಮಾಸ್ತ ವಿಮಝಲ್ ಮುಂದಿನ ತ್ರೈಮಾಸಿಕದಲ್ಲಿ ನೋಡೋಣ ಎಂದು ಉತ್ತರ ಬರೆದಿದ್ದನು.

ಮೇಯರ್ ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟನು. "ಟೀಚರಮ್ಮ, ಅದು ಲೀಡಾ ಕೂರೋ ಮೇಜು. ಅವರ ಪರ ಮಾತಾಡೋಕೆ ಬಂದು ಅವರ ಕೊರಳಿಗೇ ಹಗ್ಗ ಹಾಕ್ತಿದೀರಲ್ಲ."

"ಹಗ್ಗದ ಇನ್ನೊಂದು ತುದಿ ಯಾರ ಕೈಲಿದೆ ಅಂತ ಇನ್ನೂ ನೋಡಿಲ್ಲವಲ್ಲ, ಅಧ್ಯಕ್ಷರೇ."

ಗ್ರಂಥಾಲಯದ ಆ ಮೇಜಿಗೆ ಲುದ್ಮಿಲಾ ಅಲ್ಲದೆ ಇನ್ನೂ ಮೂವರು ಕೂರುತ್ತಿದ್ದರು. ಪುರಸಭೆಯ ಮುದ್ರಣಯಂತ್ರ ಕೆಟ್ಟಿದ್ದರಿಂದ ಊರಿನ ಮಾಸಪತ್ರಿಕೆಯನ್ನು ವಿಮಝಲ್ ಅಲ್ಲಿಯೇ ಸಿದ್ಧಪಡಿಸುತ್ತಿದ್ದನು. ಮೇಳದ ಹಾಡುಗಾರರ ಯಜಮಾನ ಮುದುಕ ಹ್ಲಾವಾಚ್ ಹಾಡುಗಳ ಸಾಹಿತ್ಯವನ್ನು ಅಲ್ಲಿ ಮುದ್ರಿಸಿಕೊಳ್ಳುತ್ತಿದ್ದನು. ಹಳೆಯ ಪುಸ್ತಕವನ್ನು ಮನೆಗೆ ಕೊಡಲಿಲ್ಲವೆಂದು ಆರು ತಿಂಗಳಿಂದ ಲುದ್ಮಿಲಾಳೊಡನೆ ಮಾತು ಬಿಟ್ಟಿದ್ದನು ಕೂಡ. ಮೂರನೆಯವಳು ಇವೆತಾ. ಮಕ್ಕಳ ವಿಭಾಗದಲ್ಲಿ ಅರ್ಧ ದಿನದ ಕೆಲಸ ಅವಳದು. ಒಂಬತ್ತು ವರ್ಷದ ಹಿಂದೆ ಗಂಡ ಬಿಟ್ಟುಹೋದಾಗ ಆ ಕೆಲಸ ಕೊಡಿಸಿದವಳು ಲುದ್ಮಿಲಾಳೇ. ಅಂದಿನಿಂದ ಪ್ರತಿ ಭಾನುವಾರದ ಮಧ್ಯಾಹ್ನದ ಊಟ ಇಬ್ಬರಿಗೂ ಲುದ್ಮಿಲಾಳ ಮನೆಯಲ್ಲಿ. ಹೊಸ ವರ್ಷದಿಂದ ಗ್ರಂಥಾಲಯಕ್ಕೆ ಒಂದೇ ಹುದ್ದೆ ಎಂಬ ಸುದ್ದಿ ಬಂದ ಮೇಲೂ ಇಬ್ಬರ ನಡುವೆ ಮುನಿಸಿನ ಮಾತು ಬಂದಿರಲಿಲ್ಲ.

ಆ ವಾರ ಬೇಕರಿಯಲ್ಲಿ ಲುದ್ಮಿಲಾ ಸಾಲಿಗೆ ಸೇರಿದರೆ ಮಾತು ನಿಲ್ಲುತ್ತಿತ್ತು. ಎದುರುಮನೆಯವಳು ನಮಸ್ಕಾರ ಹೇಳುವ ಬದಲು ನಾಯಿಯ ಸರಪಣಿ ಸರಿಮಾಡುತ್ತಿದ್ದಳು. ಬಾಗಿಲು ತಟ್ಟಿ ಬಂದವಳು ಇವೆತಾ ಒಬ್ಬಳೇ. ಗಸಗಸೆ ಕೇಕು ತಂದಿಟ್ಟು, ಬಿಸಿ ಚಹಾ ಮಾಡಿ ಲುದ್ಮಿಲಾಳ ಕೈಗೆ ಕೊಟ್ಟಳು.

"ಲೀಡಾ ಅಕ್ಕ, ಊರೆಲ್ಲಾ ಏನಾದ್ರೂ ಅಂದ್ಕೊಳ್ಲಿ. ನಾನು ನಂಬಲ್ಲ. ನೀವು ತಿನ್ನಿ ಮೊದಲು."

ಲುದ್ಮಿಲಾ ತಿಂದಳು. ಮೂರು ದಿನಗಳಲ್ಲಿ ಗಂಟಲಿನಿಂದ ಇಳಿದ ಮೊದಲ ತುತ್ತು ಅದು.

ಗುರುವಾರ ಹೆಡ್ವಿಕಾ ಲುದ್ಮಿಲಾಳೊಡನೆ ಗ್ರಂಥಾಲಯಕ್ಕೆ ಹೋದಳು. ಬಾಗಿಲಿಗೆ ಅಂಟಿಸಿದ್ದ ಮಕ್ಕಳ ಕೂಟದ ಸೂಚನೆಯ ಮುಂದೆ ಅಷ್ಟು ಹೊತ್ತು ನಿಂತಳೆಂದರೆ, ಮೊಮ್ಮಗುವನ್ನು ಸೇರಿಸಬೇಕೆಂದಿದ್ದಾರೇನೋ ಎಂದು ಲುದ್ಮಿಲಾಗೆ ಅನ್ನಿಸಿತು. ಆಕೆಗೆ ಮೊಮ್ಮಕ್ಕಳೇ ಇರಲಿಲ್ಲ. ಆಮೇಲೆ ಆಕೆ ಲುದ್ಮಿಲಾಳನ್ನು ಮನೆಗೆ ಕಳಿಸಿ, ಮೂವರನ್ನೂ ಒಬ್ಬೊಬ್ಬರಾಗಿ ಕರೆಸಿ, ಪುಸ್ತಕವನ್ನು ಕೊನೆಯದಾಗಿ ಯಾವಾಗ ಕಂಡಿರೆಂದು ಮೇಯರಿಗೆ ನಾಲ್ಕು ಸಾಲಿನ ಹೇಳಿಕೆಯನ್ನು ಅದೇ ಕಂಪ್ಯೂಟರಿನಲ್ಲಿ ಬರೆಸಿದಳು. ತಾನು ಬರೆಯುವವರ ಬೆರಳುಗಳೂ ತೆರೆಯೂ ಕಾಣುವಂತೆ ಕಿಟಕಿಯ ಬಳಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಸಂಜೆ ಆ ಹಾಳೆಗಳನ್ನು ಕೈಚೀಲದಲ್ಲಿಟ್ಟು ಲುದ್ಮಿಲಾಗೆ ಕೊಟ್ಟಳು.

"ತೆಗೆದು ನೋಡಬೇಡ."

"ನನಗೆ ಪರಿಚಯ ಇರೋರಾ, ಟೀಚರ್?"

"ಈ ಊರಲ್ಲಿ ನಿನಗೆ ಪರಿಚಯ ಇಲ್ಲದೋರು ಯಾರಿದಾರೆ?" ಎಂದಳು ಹೆಡ್ವಿಕಾ. ಆದರೆ ಎಂದಿನ ಹಾಗೆ ನಗಲಿಲ್ಲ. ಲುದ್ಮಿಲಾ ಚೀಲವನ್ನು ತೆರೆಯದೆ ಮಂಚದ ಪಕ್ಕದಲ್ಲಿಟ್ಟುಕೊಂಡಳು.

ಶುಕ್ರವಾರ ನಾಲ್ಕು ಗಂಟೆಗೆ ಎಲ್ಲರೂ ವಾಚನಾಲಯದ ಉದ್ದನೆಯ ಮೇಜಿನ ಸುತ್ತ ಸೇರಿದರು. ಹ್ಲಾವಾಚ್ ಟೋಪಿ ತೆಗೆಯದೆ ಕುಳಿತನು. ವಿಮಝಲ್ ಗಡಿಯಾರ ನೋಡುತ್ತಿದ್ದನು. ಇವೆತಾ ಲುದ್ಮಿಲಾಳ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಿದ್ದಳು.

ಹೆಡ್ವಿಕಾ ಅನಾಮಧೇಯ ಕಾಗದದ ಕಥೆಯನ್ನೂ, ಹದಿನೇಳು ದಪ್ಪ ಅಕ್ಷರಗಳನ್ನೂ, ಸತ್ತ ಕೀಯನ್ನೂ ವಿವರಿಸಿದಳು. ಊರಿನಲ್ಲಿ ಹಾಗೆ ಕೆಟ್ಟ ಕೀಬೋರ್ಡು ಅದೊಂದೇ. ಆದ್ದರಿಂದ ಕಾಗದ ಹುಟ್ಟಿದ್ದು ಅದೇ ಮೇಜಿನಲ್ಲಿ. ಇನ್ನುಳಿದ ಪ್ರಶ್ನೆ, ಆ ನಾಲ್ವರಲ್ಲಿ ಯಾರು ಕೊಕ್ಕೆ ರವನ್ನು ಹೇಗೆ ತರುತ್ತಾರೆ ಎಂಬುದು.

"ಲೀಡಾ ನನ್ನ ಶಿಷ್ಯೆ. ಹಳೇ ಟೈಪ್‌ರೈಟರಿನಲ್ಲಿ ಮೊದಲು ಕೊಕ್ಕೆ ಹೊಡೆದ್ರೆ ಕಾಗದ ಹೊತ್ತ ಗಾಡಿ ಮುಂದೆ ಹೋಗ್ತಿರಲಿಲ್ಲ. ಆಮೇಲೆ ರ ಹೊಡೆದ್ರೆ ಅದು ಕೊಕ್ಕೆಯ ಕೆಳಗೇ ಬಂದು ಕೂರ್ತಿತ್ತು. ಕಂಪ್ಯೂಟರಿನಲ್ಲೂ ಬರೀ ಕೊಕ್ಕೆಗೆ ಅಂತ ಒಂದು ಕೀ ಇದೆ. ಅದನ್ನ ಒತ್ತಿದ್ರೆ ತೆರೆ ಮೇಲೆ ಏನೂ ಕಾಣಲ್ಲ, ಆಮೇಲೆ ರ ಒತ್ತಿದ್ರೆ ಎರಡೂ ಸೇರಿ ಬರುತ್ತೆ. ಹೋದ ಮಂಗಳವಾರದಿಂದ ಇವಳು ಬರೆದ ಹನ್ನೊಂದು ಕಾಗದ ಇಲ್ಲಿವೆ. ಒಂದರಲ್ಲೂ ಆ ಅಕ್ಷರ ದಪ್ಪಗಿಲ್ಲ."

ಹ್ಲಾವಾಚ್ ಸೇನೆಯಲ್ಲಿ ಕಚೇರಿಯ ಬರಹಗಾರನಾಗಿದ್ದವನು. ಅವನೂ ಕೊಕ್ಕೆಯನ್ನೇ ಮೊದಲು ಹೊಡೆಯುವನು, ಮೇಜು ಅದುರುವಂತೆ ಹೊಡೆಯುವನು. ವಿಮಝಲ್ ಹಳೆಯ ಕಾಲದ ಕಂಪ್ಯೂಟರುಗಳಲ್ಲಿ ಕಲಿತವನು. ಎಡಗೈಯಲ್ಲಿ ಆಲ್ಟ್ ಕೀ ಹಿಡಿದು, ಬಲತುದಿಯ ಅಂಕಿಗಳಲ್ಲಿ ಕಣ್ಣು ಮುಚ್ಚಿ ಇನ್ನೂರ ಐವತ್ತಮೂರು ಒತ್ತುವನು. ಇಬ್ಬರ ಹೇಳಿಕೆಯಲ್ಲೂ ಆ ಅಕ್ಷರ ನೆರೆಹೊರೆಯ ಅಕ್ಷರಗಳಷ್ಟೇ ಸಪೂರ.

"ಇನ್ನೂರ ಐವತ್ತಮೂರಾ?" ಎಂದನು ಹ್ಲಾವಾಚ್ ವಿಮಝಲನ ಕಡೆ ತಿರುಗಿ. "ಒಂದು ಅಕ್ಷರಕ್ಕೂ ನೀನು ಅರ್ಜಿ ನಂಬರ್ ಕೇಳ್ತೀಯಲ್ಲೋ."

ಹೆಡ್ವಿಕಾ ಮೂರನೆಯ ಹೇಳಿಕೆಯನ್ನು ಮೇಜಿನ ಮೇಲಿಟ್ಟಳು. ಅದನ್ನು ಬರೆಯುವಾಗ ಗ್ರಂಥಾಲಯದ ವೇಳಾಪಟ್ಟಿಯ ಕಡತವನ್ನು ತೆರೆಯಲಾಯಿತೆಂದೂ, ಅದರಲ್ಲಿದ್ದ ಬುಧವಾರದ ಹೆಸರಿನಿಂದ ಕೊಕ್ಕೆ ರ ಒಂದನ್ನು ಎತ್ತಿ ತಂದು ಬೇಕಾದಲ್ಲೆಲ್ಲ ಅಂಟಿಸಲಾಯಿತೆಂದೂ ಹೇಳಿದಳು. ವೇಳಾಪಟ್ಟಿಯ ಅಕ್ಷರಗಳು ದಪ್ಪ. ಬುಡದಲ್ಲಿ ಪುಟ್ಟ ಪಾದ.

ಲುದ್ಮಿಲಾಗೆ ತನ್ನ ಕೈ ಹಿಡಿದಿದ್ದ ಕೈ ತಣ್ಣಗಾದದ್ದು ತಿಳಿಯಿತು. ಆ ಕೈ ಸರಿಯಲಿಲ್ಲ. ಲುದ್ಮಿಲಾಳೇ ತನ್ನ ಕೈಯನ್ನು ಎಳೆದುಕೊಂಡಳು.

ಮೇಯರ್, ಲುದ್ಮಿಲಾಳೇ ಬೇಕೆಂದು ಹಾಗೆ ಅಂಟಿಸಿ ಬೇರೆಯವರ ಮೇಲೆ ಅನುಮಾನ ಬರುವಂತೆ ಮಾಡಿರಬಾರದೇಕೆ ಎಂದು ಕೇಳಿದನು. ಆಗ ಹೆಡ್ವಿಕಾ, ಸುಳ್ಳು ಸುಳಿವು ಇಡುವವರಿಗೆ ಅದು ಜನರ ಕಣ್ಣಿಗೆ ಬೀಳಬೇಕಾಗಿರುತ್ತದೆ ಎಂದಳು. ತಮ್ಮ ಮೇಲೆಯೇ ಕಳ್ಳತನ ಹೊರಿಸಿ ಕಾಗದ ಕಳಿಸಿ, ಕೆಲಸ ಹೋಗುವ ಹಂತಕ್ಕೆ ಬಂದರೂ, ಅಕ್ಷರ ನೋಡಿ ಎಂದು ನಾಲ್ಕು ದಿನ ಬಾಯಿಬಿಡದವರು ಸುಳಿವು ಇಟ್ಟವರಲ್ಲ, ಸುಳಿವೇ ಕಾಣದವರು.

"ನಿನ್ನೆ ಅವಸರಕ್ಕೆ ಹಾಗೆ ಮಾಡಿದೆ" ಎಂದಳು ಇವೆತಾ. "ಅದಕ್ಕೆ ಮುಂಚೆ ಯಾವತ್ತೂ ಮಾಡಿಲ್ಲ. ಯಾರನ್ನ ಬೇಕಾದ್ರೂ ಕೇಳಿ."

ಹೆಡ್ವಿಕಾ ಎದ್ದುಹೋಗಿ, ಬಾಗಿಲಿನಿಂದ ಮಕ್ಕಳ ಕೂಟದ ಸೂಚನೆಯನ್ನು ಕಿತ್ತು ತಂದಳು. ಕೆಳಗೆ ಇವೆತಾಳ ಸಹಿ, ಹಿಂದಿನ ಗುರುವಾರದ ದಿನಾಂಕ. ಅದರಲ್ಲಿದ್ದ ಆರು ಕೊಕ್ಕೆ ರಗಳೂ ದಪ್ಪಗಿದ್ದವು.

ಇವೆತಾ ಆ ಹಾಳೆಯನ್ನೇ ನೋಡುತ್ತ ಕುಳಿತಳು. ಬೆರಳಚ್ಚು ಬರುತ್ತದೆಂದು ಒಂಬತ್ತು ವರ್ಷದ ಹಿಂದೆ ಅರ್ಜಿಯಲ್ಲಿ ಬರೆದಿದ್ದಳು. ಬರುವುದಿಲ್ಲವೆಂದು ಗೊತ್ತಾದೀತೆಂಬ ಭಯಕ್ಕೆ ಯಾರನ್ನೂ ಏನನ್ನೂ ಕೇಳದೆ, ದೊಡ್ಡ ಕಾಗದಗಳನ್ನೆಲ್ಲ ಲುದ್ಮಿಲಾಳ ಕೈಯಲ್ಲೇ ಬರೆಸಿ ದಿನ ದೂಡಿದ್ದಳು.

"ಒಂದೇ ಕುರ್ಚಿ ಉಳಿಯೋದು ಅಂದ್ರು" ಎಂದಳು ಕೊನೆಗೆ. "ನಿಮಗೆ ಎರಡು ವರ್ಷ ಕಳೆದ್ರೆ ಪಿಂಚಣಿ, ಲೀಡಾ ಅಕ್ಕ. ನಾನು ಇನ್ನೂ ಇಪ್ಪತ್ತು ವರ್ಷ ದುಡೀಬೇಕು. ಪುಸ್ತಕ ಹಾಳು ಮಾಡ್ಲಿಲ್ಲ. ಸಿಕ್ಕೇ ಸಿಗೋ ಹಾಗೆ ಇಟ್ಟಿದ್ದೆ."

"ಕುರ್ಚಿ ಬೇಕು ಅಂತ ನನ್ನ ಕೇಳಬಹುದಿತ್ತು."

"ಕೇಳಿದ್ರೆ ಕೊಡ್ತಿದ್ರಾ?"

"ಕೊಡ್ತಿರಲಿಲ್ಲವೇನೋ. ಆದ್ರೆ ಕೇಳಬಹುದಿತ್ತು." ಬಳಿಕ ಲುದ್ಮಿಲಾ ಇನ್ನೊಂದನ್ನು ಕೇಳಿದಳು. "ನೆಲಮಾಳಿಗೆಗೆ ಯಾವಾಗ ಇಳಿದೆ?"

ಇವೆತಾ ಸೂಚನೆಯ ಹಾಳೆಯನ್ನು ಮಡಿಸತೊಡಗಿದಳು.

"ಹೇಳು. ನಾನು ಮನೇಲಿರಲಿಲ್ಲವಾ?"

"ಇದ್ರಿ" ಎಂದಳು ಇವೆತಾ. "ಭಾನುವಾರ. ಸೂಪಿಗೆ ಆಲೂಗಡ್ಡೆ ತಗೊಂಡು ಬಾ ಅಂತ ನೀವೇ ಕಳಿಸಿದ್ರಿ."

ಆ ದಿನದ ಊಟ ಲುದ್ಮಿಲಾಗೆ ಚೆನ್ನಾಗಿ ನೆನಪಿತ್ತು. ಮೆಟ್ಟಿಲು ಹತ್ತಿ ಬಂದವಳ ಕೈ ಚಳಿಗೆ ಕೆಂಪಾಗಿತ್ತೆಂದು ತಾನೇ ಒಲೆಯ ಬಳಿ ಕೂರಿಸಿದ್ದಳು. ಇಬ್ಬರೂ ಎರಡೆರಡು ಬಟ್ಟಲು ಸೂಪು ಕುಡಿದಿದ್ದರು. ಉಪ್ಪು ಹದವಾಗಿದೆ ಎಂದು ಇವೆತಾ ಹೊಗಳಿದ್ದಳು.

ಪೊಲೀಸರನ್ನು ಕರೆಯಬೇಕೇ ಬೇಡವೇ ಎಂಬುದನ್ನು ಮೇಯರ್ ಲುದ್ಮಿಲಾಳ ತೀರ್ಮಾನಕ್ಕೇ ಬಿಟ್ಟನು. ಹ್ಲಾವಾಚ್ ಆರು ತಿಂಗಳಲ್ಲಿ ಮೊದಲ ಬಾರಿಗೆ ಅವಳ ಕಡೆ ತಿರುಗಿ ಟೋಪಿ ತೆಗೆದನು.

"ಪೊಲೀಸರು ಬೇಡ" ಎಂದಳು ಲುದ್ಮಿಲಾ. "ಆಗಿದ್ದನ್ನ ಅವಳೇ ಬರೆದು ಸಹಿ ಹಾಕ್ಲಿ. ಸಭೆಯಲ್ಲಿ ಅಷ್ಟನ್ನೇ ಓದಿ. ಬೇಕರಿಯವರೆಗೂ ಕೇಳಿಸೋ ಹಾಗೆ ಓದಿ. ನಾಳೆಯಿಂದ ಅವಳು ಇಲ್ಲಿಗೆ ಬರೋದು ಬೇಡ."

ಇವೆತಾ ಕೈಬರಹದಲ್ಲೇ ಬರೆದಳು. ಪೆನ್ನು ಹಿಡಿದವಳಿಗೆ ಯಾವ ಕೊಕ್ಕೆಯೂ ಕೊರತೆಯಾಗಲಿಲ್ಲ. ಸಹಿ ಹಾಕಿ, ಕೋಟು ತೊಟ್ಟು ಬಾಗಿಲ ತನಕ ಹೋದವಳು ನಿಂತಳು.

"ಲೀಡಾ ಅಕ್ಕ..."

"ಅಕ್ಕ ಅನ್ನೋ ಮಾತು ಬೇಡ" ಎಂದಳು ಲುದ್ಮಿಲಾ. ಅವಳ ದನಿ ಏರಿರಲಿಲ್ಲ. "ನನಗೆ ಹೆಸರಿದೆ. ಇವತ್ತು ತಾನೇ ವಾಪಸ್ ಸಿಕ್ಕಿದೆ."

ಇವೆತಾ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಪರಿಚಯವಿಲ್ಲದವರನ್ನು ಕರೆಯುವಂತೆ, "ಹೋಗಿಬರ್ತೀನಿ, ಶ್ರೀಮತಿ ವ್ರಾನೋವಾ ಅವರೇ" ಎಂದು ಹೇಳಿ ಹೊರಟುಹೋದಳು.