ನೆಂಟರು ಬರುವ ದಿನ

ತರಬೇತಿ ಹಾಲ್‌ನ ಕೊನೆಯ ಸಾಲಿನಲ್ಲಿ ಕೂತಿದ್ದ ಅವಳಿಗೆ ಪರದೆಯ ಮೇಲೆ ಹೊಸ ಸ್ಲೈಡ್ ಕಂಡಾಗ ಜೀವವೇ ಹೋದಂತಾಯಿತು. ‘ನೆಂಟರು ಬರುವ ದಿನ’ ಎಂದು ದಪ್ಪ ಅಕ್ಷರದಲ್ಲಿತ್ತು.

ಬರೆದವನು ಅವನೇ, ಬಟ್ಟೆ ಕಾರ್ಖಾನೆಗಳಿಗೆ ಕೆಲಸಗಾರರನ್ನು ನ್ಯಾಯವಾಗಿ ನಡೆಸಿಕೊಂಡು ವ್ಯಾಪಾರ ಮಾಡುವುದನ್ನು ಕಲಿಸುವ ಮೇಷ್ಟ್ರು. ಮೂರು ತಿಂಗಳಿಂದ ಅವಳ ಹೊಲಿಗೆ ಲೈನಿಗೆ ಬಂದಾಗಲೆಲ್ಲ ಬೇಕೆಂದೇ ಪೆನ್ ಬಿಟ್ಟು ಹೋಗುತ್ತಿದ್ದ.

“ಮೇಷ್ಟ್ರೇ, ನಾಳೆ ತಲೇನೂ ಮರೆತು ಹೋಗ್ತೀರ,” ಎಂದು ಅವಳು ಛೇಡಿಸಿದರೆ, “ಅದು ಆಗ್ಲೇ ಇಲ್ಲೇ ಇದೆಯಲ್ಲ,” ಎನ್ನುತ್ತಾ ಕಿವಿ ಕೆಂಪಗೆ ಮಾಡಿಕೊಳ್ಳುತ್ತಿದ್ದ. ಎಂಥ ಚೆಂದದ ಪೆದ್ದ! ಅಂಥವನ ಮುಂದೆ ಮನಸ್ಸು ಬಿಚ್ಚದೆ ಇರುವುದಾದರೂ ಹೇಗೆ? ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಹೇಳಿಬಿಟ್ಟಿದ್ದಳು. ತಪಾಸಣೆಯವರು ಬರುವ ದಿನ ಮಾತ್ರ ಬೆಂಕಿ ಬಿದ್ದರೆ ಓಡಬೇಕಾದ ಹಿಂಬಾಗಿಲಿನ ಬೀಗ ತೆಗೆಯುತ್ತಾರೆ, ಅವರು ಹೋದ ಮೇಲೆ ಮತ್ತೆ ಜಡಿಯುತ್ತಾರೆ. ಅವಳ ಲೈನಿನ ಹೆಂಗಸರು ಅದಕ್ಕಿಟ್ಟ ಹೆಸರೇ ‘ನೆಂಟರು ಬರುವ ದಿನ’.

“ಯಾವ ಕಾರ್ಖಾನೆ ಅಂತ ಹೇಳಲ್ಲ,” ಎಂದ ಅವನು ಮೈಕಿನಲ್ಲಿ. “ಆದ್ರೆ ಇಂಥದ್ದನ್ನ ಹಂಚಿಕೊಂಡ್ರೆ ಎಲ್ಲರೂ ಕಲೀತೀವಿ.”

ಹಾಲ್‌ಗೆ ಹಾಲೇ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಅವಳ ಧಣಿ ಮಾತ್ರ ನಗಲಿಲ್ಲ. ಲೈನಿನಲ್ಲಿ ಆ ಮಾತು ಅವನ ಕಿವಿಗೂ ಎಷ್ಟೋ ಸಲ ಬಿದ್ದಿತ್ತು. ಮೇಷ್ಟ್ರು ಯಾರ ಹತ್ತಿರ ಪೆನ್ ಮರೆಯುತ್ತಾನೆ ಎಂಬುದೂ ಗೊತ್ತಿತ್ತು. ನಿಧಾನಕ್ಕೆ ತಿರುಗಿ ಅವಳನ್ನೇ ನೋಡಿದ.

ಟೀ ಹೊತ್ತಿಗೆ ಪಕ್ಕಕ್ಕೆ ಬಂದು, “ನಾಳೆಯಿಂದ ಬರಬೇಡಮ್ಮ,” ಎಂದು ಒಂದು ಬಿಸ್ಕತ್ತು ಎತ್ತಿಕೊಂಡು ಹೋದ. ಹನ್ನೊಂದು ವರ್ಷದ ಕೆಲಸ ಅಷ್ಟಕ್ಕೇ ಮುಗಿಯಿತು.

ಮೇಷ್ಟ್ರು ಕಣ್ಣಲ್ಲೇ ನಗುತ್ತ ಬಂದ. “ಹೇಗಿತ್ತು? ನಿಮ್ಮ ಹೆಸರು ಬರದ ಹಾಗೆ ನೋಡ್ಕೊಂಡೆ.”

“ಆ ಮಾತು ನಮ್ಮ ಲೈನ್ ಬಿಟ್ರೆ ಇನ್ಯಾರ ಬಾಯಲ್ಲೂ ಇಲ್ಲ ಕಣ್ರೀ. ನನ್ ಕೆಲಸ ಹೋಯ್ತು.”

ಅವನ ಮುಖ ಬಿಳಿಚಿಕೊಂಡಿತು. “ಅಯ್ಯೋ! ಆ ಸ್ಲೈಡ್ ತೆಗೆದುಬಿಡ್ತೀನಿ.”

“ತೆಗೀಬೇಡಿ. ಬೀಗದ ಒಳಗೆ ಇನ್ನೂ ನಲವತ್ತು ಜನ ಇದಾರೆ. ಮೊದಲು ಆ ಬೀಗ ತೆಗೆಸಿ.”

“ತೆಗೆಸ್ತೀನಿ, ಖಂಡಿತ.” ಅವನು ತಡವರಿಸಿದ. “ನನ್ನ ಮದುವೆ ಆಗ್ತೀರಾ? ಎಷ್ಟು ದಿನದಿಂದ ಕೇಳ್ಬೇಕು ಅಂತಿದ್ದೆ.”

ಈ ಮಾತಿಗೆ ಅವಳು ಎಷ್ಟು ಕಾದಿದ್ದಳು! ಈಗ ಕೇಳಿದರೆ ಪರಿಹಾರ ಘೋಷಿಸಿದ ಹಾಗಿತ್ತು. ಹಾಳಾದ್ದು, ಪ್ರೀತಿ ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ಅವಳಿಗೆ ಸಿಟ್ಟು ಬಂದದ್ದೇ ಅದಕ್ಕೆ.

“ನಂಗೂ ನೀವಂದ್ರೆ ಪ್ರಾಣ,” ಎಂದಳು. “ಆದ್ರೆ ಇನ್ಮೇಲೆ ನಿಮ್ ಹತ್ರ ಒಂದೊಂದು ಮಾತೂ ಅಳೆದು ತೂಗಿ ಆಡ್ಬೇಕು. ಗಂಡನ ಹತ್ರ ಹಂಗೆ ಬದುಕೋಕೆ ನನ್ ಕೈಲಾಗಲ್ಲ.”

ಅವಳು ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿದಳು.